ನಮ್ಮ ಅಂಗಡಿ ಗೋಡೆ ಮೇಲಿನ ಮೂರು ಫೋಟೊ

ಸಂಪಾದಕರೇ, ನಮಸ್ಕಾರ.

ಈಗಿನ ಹುಡುಗ್ರಿಗೆ ಆದರ್ಶ ಅಂತ ಯಾರೂ ಇಲ್ಲ, ಎಲ್ಲಾ ರೀಲ್ಸ್ ನೋಡ್ಕೊಂಡು ಹಾಳಾಗ್ತಿದಾರೆ ಅಂತ ಇತ್ತೀಚೆಗೆ ನಿಮ್ಮ ಪತ್ರಿಕೇಲಿ ಒಬ್ರು ಓದುಗರು ಬರೆದಿದ್ರಲ್ಲ, ಅದನ್ನ ಓದಿದ ಮೇಲೆ ನಾನೂ ನಾಲ್ಕು ಮಾತು ಬರೀಬೇಕು ಅನ್ನಿಸ್ತು. ನಾನು ತುಮಕೂರಲ್ಲಿ ಟೈಲರ್, ಅಂಗಡಿ ಇಟ್ಟು 22 ವರ್ಷ ಆಯ್ತು, ಬರವಣಿಗೇಲಿ ತಪ್ಪಿದ್ರೆ ನೀವೇ ಸರಿ ಮಾಡ್ಕೊಳ್ಳಿ.

ನಮ್ಮ ಅಂಗಡಿ ಗೋಡೆ ಮೇಲೆ ದೇವರ ಪಟದ ಪಕ್ಕ ಮೂರು ಫೋಟೊ ಇದಾವೆ. ಅನಿಲ್ ಕುಂಬ್ಳೆ, ಸಾಲುಮರದ ತಿಮ್ಮಕ್ಕ, ಗಂಗೂಬಾಯಿ ಹಾನಗಲ್. ಅಳತೆ ಕೊಡೋಕೆ ಬಂದೋರು ಕೈ ಮೇಲೆತ್ತಿ ನಿಂತ್ಕೊಂಡೇ ಅದನ್ನ ನೋಡ್ತಾರೆ, ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ, ಏನ್ ಮಾಸ್ಟ್ರೇ ಈ ಮೂರು ಜನಕ್ಕೂ ಏನ್ ಸಂಬಂಧ? ಕೆಲವ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಮ್ಮೋರ ಫೋಟೊ ಒಂದೂ ಹಾಕಿಲ್ವಲ್ಲ ಅಂತಾರೆ. ನಮ್ಮೋರು ಅಂದ್ರೆ ಏನರ್ಥ ಅಂತ ನಿಮಗೆ ಬಿಡಿಸಿ ಹೇಳ್ಬೇಕಿಲ್ಲ.

ಕುಂಬ್ಳೆ ಬಾಲ್ ತಿರುಗಲ್ಲ, ಅವನೆಂಥಾ ಸ್ಪಿನ್ನರ್ರು ಅಂತ ಟೀ ಅಂಗಡಿ ಮುಂದೆ ನಿಂತು ಮಾತಾಡ್ತಿದ್ದೋರು ಎಷ್ಟು ಜನಾನೋ. ಆ ತಿರುಗದೇ ಇರೋ ಬಾಲಲ್ಲೇ ಟೆಸ್ಟಲ್ಲಿ 619 ವಿಕೆಟ್ ತಗೊಂಡ್ರು. 1999ರಲ್ಲಿ ದೆಹಲೀಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಿದ್ದು ಎಲ್ಲರಿಗೂ ನೆನಪಿದೆ ಆದ್ರೆ ನಮ್ಮ ಗೋಡೆ ಮೇಲಿರೋದು ಆ ಫೋಟೊ ಅಲ್ಲ, 2002ರದ್ದು, ಆಂಟಿಗಾದಲ್ಲಿ ವೆಸ್ಟ್ ಇಂಡೀಸ್ ಬೌಲರ್ ಡಿಲ್ಲನ್ ಹಾಕಿದ ಬಾಲ್ ಬಡಿದು ದವಡೆ ಮುರಿದಿದ್ರೂ ಗಲ್ಲಕ್ಕೂ ತಲೆಗೂ ಸೇರಿಸಿ ಬ್ಯಾಂಡೇಜ್ ಸುತ್ಕೊಂಡು ಬೌಲಿಂಗಿಗೆ ಬಂದಿದ್ರಲ್ಲ ಅದು. 14 ಓವರ್ ಹಾಕಿ ಲಾರಾನ ಔಟ್ ಮಾಡಿ ಆಮೇಲೆ ಆಪರೇಷನ್ನಿಗೆ ಬೆಂಗಳೂರಿಗೆ ಬಂದ್ರು. ಅಷ್ಟು ಮಾಡಿದ್ದಕ್ಕೆ ಮ್ಯಾಚ್ ಗೆದ್ವಾ ಅಂದ್ರೆ ಇಲ್ಲ, ಡ್ರಾ. ವಿಕೆಟ್ ಕೀಪರ್ ಸಮೇತ ನಮ್ಮ ಹನ್ನೊಂದು ಜನಾನೂ ಬೌಲಿಂಗ್ ಮಾಡಿದ ಮ್ಯಾಚ್ ಅದು, ಪಿಚ್ ಎಂಥಾದ್ದಿರ್ಬೇಕು ನೀವೇ ಯೋಚ್ನೆ ಮಾಡಿ. ನಂಗೆ ಹಿಡಿಸಿದ್ದೇ ಅದು. ನನ್ನ ಕೈಲೂ ಅಂಥಾ ಕಲೆ ಏನಿಲ್ಲ, ಡಿಸೈನ್ ಬ್ಲೌಸ್ ಹೊಲಿಯೋರು ಪಕ್ಕದ ಬೀದೀಲಿದಾರೆ, ನಂದು ಶರ್ಟು, ಪ್ಯಾಂಟು, ಸ್ಕೂಲ್ ಯೂನಿಫಾರಂ. ಜೂನ್ ತಿಂಗಳಲ್ಲಿ ಬಟ್ಟೆ ರಾಶಿ ಬಿದ್ದು ರಾತ್ರಿ ಒಂದು ಗಂಟೆಗೆ ಕಾಜಾ ಹೊಲೀತಾ ಕೂತಿರುವಾಗ ಕಣ್ಣು ಆ ಬ್ಯಾಂಡೇಜ್ ಕಡೆ ಹೋಗುತ್ತೆ.

ತಿಮ್ಮಕ್ಕನ ಮರಗಳನ್ನ ಒಂದು ಭಾನುವಾರ ಗಾಡೀಲಿ ಹೋಗಿ ನೋಡ್ಕೊಂಡು ಬಂದೆ, ಮಾಗಡಿ ತಾಲ್ಲೂಕು ಹುಲಿಕಲ್‌ನಿಂದ ಕುದೂರಿಗೆ ಹೋಗೋ ರಸ್ತೆ, ನಮಗೇನು ದೂರ ಅಲ್ಲ. ಲೆಕ್ಕ ಒಬ್ಬೊಬ್ರು ಒಂದೊಂದು ಹೇಳ್ತಾರೆ, 284 ಅಂತಾರೆ, 385 ಅಂತಾರೆ, ಆ ಆಲದ ನೆರಳಲ್ಲಿ ಗಾಡಿ ನಿಲ್ಸಿದ್ರೆ ಲೆಕ್ಕ ಯಾರಿಗ್ ಬೇಕು ಬಿಡಿ. ಮೊದಲ ವರ್ಷ ಹಾಕಿದ್ದು ಹತ್ತೇ ಸಸಿ ಅಂತೆ, ಮುಂದಿನ ವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ಗಂಡ ಹೆಂಡ್ತಿ ಇಬ್ರೂ ಕೂಲಿ ಮಾಡ್ಕೊಂಡೇ ಬಿಂದಿಗೇಲಿ ನೀರು ಹೊತ್ತು ಹಾಕಿ, ದನ ಬಾಯಿ ಹಾಕದಂಗೆ ಸುತ್ತ ಮುಳ್ಳು ಕಟ್ಟಿ ಬೆಳೆಸಿದ್ದು. ನಾವಾಗಿದ್ರೆ ಮೊದಲ ವರ್ಷವೇ ಸಾವಿರ ಸಸಿ ನೆಡ್ತೀವಿ ಅಂತ ಫ್ಲೆಕ್ಸ್ ಹಾಕಿರ್ತಿದ್ವಿ. ಇನ್ನೊಂದು ವಿಷ್ಯ, ಯಜಮಾನರು ಚಿಕ್ಕಯ್ಯನವರು 1991ರಲ್ಲೇ ಹೋಗ್ಬಿಟ್ರು, ಪದ್ಮಶ್ರೀ ಬಂದಿದ್ದು 2019ಕ್ಕೆ. ಆವತ್ತು ತಿಮ್ಮಕ್ಕ ರಾಷ್ಟ್ರಪತಿಗಳ ತಲೆ ಮೇಲೇ ಕೈಯಿಟ್ಟು ಆಶೀರ್ವಾದ ಮಾಡಿದ್ದನ್ನ ದೇಶವೇ ನೋಡ್ತು, ಚಿಕ್ಕಯ್ಯನವರ ಫೋಟೊ ಮಾತ್ರ ಎಷ್ಟು ಹುಡುಕಿದ್ರೂ ನಂಗೆ ಒಂದೂ ಸಿಗ್ಲಿಲ್ಲ, ಸಿಕ್ಕಿದ್ರೆ ಪಕ್ಕದಲ್ಲೇ ಹಾಕ್ತಿದ್ದೆ.

ಗಂಗೂಬಾಯಿ ಫೋಟೊ ನಮ್ಮ ಮನೆಯವಳದ್ದು, ಅವಳ ತವರು ಹುಬ್ಬಳ್ಳಿ ಕಡೆ. ನಂಗೆ ಸಂಗೀತ ಅಷ್ಟಕ್ಕಷ್ಟೆ, ಯಾವ ರಾಗ ಅಂತ ಕೇಳಿದ್ರೆ ತಲೆ ಕೆರ್ಕೊಳ್ತೀನಿ. ಆದ್ರೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಮುಂದೆ ಹಾಡೋಕೆ ಹೋದ ಆ ಚಿಕ್ಕ ಹುಡುಗಿಗೆ, ಎಲ್ಲಿ ನನ್ನ ಜಾತಿ ನೋಡಿ ಎಂಜಲೆಲೆ ಎತ್ತು ಅಂತಾರೋ ಅನ್ನೋ ಭಯ ಇತ್ತು ಅಂತ ಇವಳು ಹೇಳಿದ ದಿನಾನೇ ಮೊಳೆ ಹೊಡೆದೆ. ಗಂಟಲು ಆಪರೇಷನ್ ಆಗಿ ದನಿ ಗಂಡಸರ ಥರ ದಪ್ಪ ಆದ್ರೂ ಆಯಮ್ಮ ಆ ದನೀಲೇ ಕೊನೇವರೆಗೂ ಹಾಡಿದ್ರು.

ಈಗ ಸಂಬಂಧದ ಮಾತಿಗೆ ಬರ್ತೀನಿ. ಸಂಬಂಧ ಏನೂ ಇಲ್ಲ ಸಾರ್. ಇರ್ಲೇಬೇಕು ಅಂತ ಯಾಕೆ? ನಮ್ಮಲ್ಲಿ ಒಬ್ಬರನ್ನ ಮೆಚ್ಚಿದ್ರೆ ಅವ್ರ ಪಾರ್ಟಿ ಆಗ್ಬಿಡ್ಬೇಕು, ಅವ್ರು ಮಾಡಿದ್ದೆಲ್ಲಾ ಸರಿ ಅನ್ಬೇಕು, ಕಟೌಟಿಗೆ ಹಾಲು ಹಾಕ್ಬೇಕು, ಇನ್ನೊಬ್ಬರನ್ನ ಮೆಚ್ಚಿದೋರ ಜೊತೆ ಕಿತ್ತಾಡ್ಬೇಕು. 2017ರಲ್ಲಿ ಕುಂಬ್ಳೆ ಕೋಚ್ ಕೆಲಸ ಬಿಟ್ಟಾಗ ಒಬ್ರು ಕಸ್ಟಮರ್ ನಿಮ್ಮ ಕುಂಬ್ಳೆದೇ ತಪ್ಪು ಅಂತ ನನ್ನ ಹತ್ರ ಅರ್ಧ ಗಂಟೆ ವಾದ ಮಾಡಿದ್ರು, ಪ್ಯಾಂಟ್ ರೆಡಿ ಇದ್ರೂ ತಗೊಳ್ಳದೆ. ನಾನ್ಯಾಕೆ ಅದಕ್ಕೆ ಜವಾಬು ಕೊಡ್ಲಿ, ನಾನು ಗೋಡೆಗೆ ಹಾಕಿರೋದು ಆ ಬ್ಯಾಂಡೇಜನ್ನ.

ಹುಡುಗ್ರಿಗೆ ಆದರ್ಶ ಇಲ್ಲ ಅನ್ನೋ ಓದುಗರಿಗೆ ನಾನು ಹೇಳೋದು ಇಷ್ಟೇ, ತೋರಿಸಿದ್ರೆ ತಾನೇ ಅವ್ರು ನೋಡೋದು. ಜನವರಿ 25ರ ಸಂಜೆ ಪದ್ಮ ಪಟ್ಟಿ ಬರುತ್ತೆ, ಎರಡು ದಿನ ಎಲ್ಲಾ ಕಡೆ ಅವ್ರದ್ದೇ ಫೋಟೊ, ಆಮೇಲೆ ಹೋದಾಗ ಇನ್ನೊಂದ್ಸಲ. ಮಂಗಳೂರಲ್ಲಿ ಕಿತ್ತಳೆ ಹಣ್ಣು ಮಾರಿ ಊರಿಗೆ ಸ್ಕೂಲ್ ತಂದ ಹರೇಕಳ ಹಾಜಬ್ಬನವರ ಹೆಸರು ಈಗ ಎಲ್ರಿಗೂ ಗೊತ್ತು, ಆದ್ರೆ ಬುಟ್ಟಿ ಹೊತ್ತು ಮಾರೋ ಮನುಷ್ಯ ಅಷ್ಟು ದುಡ್ಡು ಹೆಂಗೆ ಉಳಿಸಿದ್ರು, ಯಾವ್ಯಾವ ಆಫೀಸ್ ಬಾಗಿಲು ತಟ್ಟಿದ್ರು ಅಂತ ನಮ್ಮ ಅಂಗಡೀಲಿ ಕೆಲಸ ಕಲಿಯೋ ಹುಡುಗ ಕೇಳ್ದ, ನಂಗೆ ಉತ್ತರ ಹೇಳೋಕೆ ಬರ್ಲಿಲ್ಲ. ಪ್ರಶಸ್ತಿ ಪಟ್ಟಿ ಬೇಡ ಸಾರ್, ಆ ಹೆಂಗೆ ಅನ್ನೋದನ್ನ ವಾರಕ್ಕೊಂದು ಕಾಲಂ ಬರೀರಿ, ಕಟ್ ಮಾಡಿ ಹುಡುಗನ ಕೈಗೆ ಕೊಡ್ತೀನಿ.

ಪತ್ರ ಉದ್ದ ಆಯ್ತು, ಕತ್ತರಿ ಹಾಕೋದಿದ್ರೆ ಹಾಕಿ, ನಂಗೂ ಅದು ಅಭ್ಯಾಸ ಇರೋ ಕೆಲಸವೇ. ನಿಮ್ಮ ಹಳೇ ಫೈಲಲ್ಲಿ ಚಿಕ್ಕಯ್ಯನವರ ಫೋಟೊ ಏನಾದ್ರೂ ಇದ್ರೆ ಮಾತ್ರ ಒಂದ್ಸಲ ಹಾಕಿ.

ಇಂತಿ ನಿಮ್ಮ ಓದುಗ,
ಒಬ್ಬ ಟೈಲರ್, ತುಮಕೂರು