ಅಮ್ಮನ ಜೊತೆ ನಡೆಯುವ ಮುಂಚೆ

ದಾವಣಗೆರೆ

ಮಗಳೇ ಪುಟ್ಟಿ,

ನೀನು ಫೋನಿನಲ್ಲಿ ಹೇಳಿದಾಗಿನಿಂದ ಮನಸ್ಸಿಗೆ ಖುಷಿಯೂ ಇದೆ, ಅಳುಕೂ ಇದೆ. ಅಮ್ಮನಿಗಿರುವ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ, ಅದು ಇರುವವರಿಗಾಗಿ ಹಣ ಕೂಡಿಸುವ ನಡಿಗೆ, ಕುಂದುವಾಡ ಕೆರೆ ಏರಿಯ ಮೇಲೆ, ಐದು ಕಿಲೋಮೀಟರ್, ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ ಅಂದೆ. ಹೋಗಿ ಬನ್ನಿ. ಬೇಡ ಅನ್ನಲು ಈ ಕಾಗದ ಬರೆಯುತ್ತಿಲ್ಲ. ಬಾಯಿಬಿಟ್ಟು ಹೇಳಲಾಗದ ಒಂದು ಸಂಗತಿ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿನಗೆ ಆಗ ಏಳೋ ಎಂಟೋ ವರ್ಷ. ಎಲ್ಲರೂ ಚಿತ್ರದುರ್ಗದ ಕೋಟೆಗೆ ಹೋಗಿದ್ದೆವು. ಬೇಸಿಗೆ, ಬಂಡೆಯೆಲ್ಲ ಕಾದ ಹೆಂಚು. ನಿಮ್ಮಮ್ಮನ ಕಾಯಿಲೆಗೆ ಹೆಸರು ಗೊತ್ತಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಓಬವ್ವನ ಕಿಂಡಿ ನೋಡಿಕೊಂಡು ಬರುವಾಗ, "ಅಣ್ಣಾ, ಕಾಲು ನನ್ನ ಮಾತು ಕೇಳವಲ್ದು, ಕಣ್ಣೂ ಮಂಜಾಗೈತಿ" ಅಂದಳು. ನಾನು "ಮನಸ್ಸು ಗಟ್ಟಿ ಮಾಡವ್ವ, ಇನ್ನೇನು ಬಂತು" ಅಂತ ಕೈಹಿಡಿದು ಎಳೆದೆ. ಹತ್ತು ಮೆಟ್ಟಿಲು ಆಗಿರಲಿಲ್ಲ, ಮಂಡಿ ತರಚಿ ಬಿದ್ದಳು. ಅತ್ತಳು. ಗಾಯಕ್ಕಲ್ಲ. "ನನ್ನ ಮನಸ್ಸು ಗಟ್ಟಿ ಇಲ್ಲ ಅನ್ಕೊಂಡ್ಯಾ?" ಅಂತ ಕೇಳಿದಳು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ನೆರಳಿಗೆ ಕರೆತಂದು ಕುತ್ತಿಗೆಗೆ ಒದ್ದೆ ಟವೆಲ್ ಹಾಕಿದ ಮೇಲೆ ನಿಧಾನಕ್ಕೆ ಕಣ್ಣು ತಿಳಿಯಾಯಿತು. ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಎಂಬ ಹೊದಿಕೆಯನ್ನು ಹಾಳುಮಾಡುತ್ತದೆ. ಹತ್ತಿ ಮಿಲ್ಲಿನಲ್ಲಿ ವೈರ್‌ಮನ್ ಆಗಿದ್ದವನು ನಾನು. ಸಿಪ್ಪೆ ಸುಲಿದ ವೈರಿನ ಪಾಡು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೆ ಹೊದಿಕೆ ಹೋದ ನರ ಶಾಖ ತಡೆಯದು. ಮೈಬಿಸಿ ಅರ್ಧ ಡಿಗ್ರಿ ಏರಿದರೂ ಸಾಕು, ಕಾಲಿಗೆ ಹೋಗಬೇಕಾದ ಸುದ್ದಿ ದಾರಿಯಲ್ಲೇ ನಿಲ್ಲುತ್ತದೆ. ಮೈ ತಂಪಾದರೆ ಮತ್ತೆ ಹರಿಯುತ್ತದೆ. ಮೈ ದಣಿದಾಗ ಹೀಗೆ ಕಣ್ಣು ಮಂಜಾಗುವುದನ್ನು ಊಥಾಫ್ ಎಂಬ ಜರ್ಮನಿಯ ಕಣ್ಣಿನ ವೈದ್ಯರು 1890ರಲ್ಲೇ ಬರೆದಿಟ್ಟಿದ್ದರಂತೆ. ನಾವೋ, ದೀಪಾವಳಿಗೆ ಬಿಸಿಬಿಸಿ ಎಣ್ಣೆನೀರು ಹಾಕಿಕೊಂಡು ಬಂದವಳು ಗೋಡೆ ಹಿಡಿದು ನಿಂತರೆ "ಪಿತ್ತ" ಅಂದು ಸುಮ್ಮನಾಗುತ್ತಿದ್ದೆವು.

ಅದಕ್ಕೇ ಹೇಳುವುದು, ಎಷ್ಟು ದೂರ ಅನ್ನುವುದನ್ನು ಅವಳೇ ಹೇಳಲಿ. ಅರ್ಧ ಕಿಲೋಮೀಟರ್ ಸಾಕು ಅಂದರೆ ಅರ್ಧವೇ. ಅಂದು ಬೆಳಿಗ್ಗೆ ಎದ್ದು "ಇವತ್ತು ಆಗಲ್ಲ" ಅಂದರೂ ಮುಖ ಸಣ್ಣ ಮಾಡಬೇಡ; ನಿನ್ನೆ ಆದದ್ದು ಇವತ್ತು ಆಗದಿರುವುದೇ ಈ ಕಾಯಿಲೆಯ ಸ್ವಭಾವ. "ನೋಡಕ್ಕೆ ಚೆನ್ನಾಗೇ ಇದ್ದೀಯಲ್ಲ" ಎಂಬ ಮಾತನ್ನು ಅವಳು ಊರೆಲ್ಲರ ಬಾಯಲ್ಲಿ ಕೇಳಿದ್ದಾಳೆ, ಮಗಳ ಬಾಯಲ್ಲಿ ಬರಬಾರದು. ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. ಬಿಸಿಲೇರುವ ಮುಂಚೆ ಹೊರಡಿ. ಶೌಚಾಲಯ ಎಲ್ಲಿದೆ ಅಂತ ಹಿಂದಿನ ದಿನವೇ ನೀನು ಹೋಗಿ ನೋಡಿಕೊಂಡು ಬಾ. ಬಂತು ಅಂದರೆ ಅವಳಿಗೆ ತಡೆಯಲಾಗುವುದಿಲ್ಲ, ಅದನ್ನು ನಿನ್ನ ಹತ್ತಿರ ಹೇಳಿಕೊಳ್ಳುವುದೂ ಇಲ್ಲ. ಮದುವೆ, ಜಾತ್ರೆ ಅಂತ ಕರೆದರೆ ಅವಳು ತಪ್ಪಿಸಿಕೊಳ್ಳುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಗಾಲಿಕುರ್ಚಿಯ ಮಾತನ್ನು ಅವಳೇ ತೆಗೆದರೆ ಅವಮಾನ ಅಂದುಕೊಳ್ಳದೆ ತಗೊಂಡು ಹೋಗು. ಮಾರನೇ ದಿನಕ್ಕೆ ಏನೂ ಇಟ್ಟುಕೊಳ್ಳಬೇಡಿ, ನೆಂಟರನ್ನಂತೂ ಕರೆಯಬೇಡಿ. ಆ ಸುಸ್ತು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ.

ಇನ್ನು ಫೋಟೋ. ಹಣ ಕೇಳುವ ಮೆಸೇಜಿಗೆ ಅಮ್ಮ ಕೋಲು ಹಿಡಿದ ಚಿತ್ರ ಹಾಕುತ್ತೇನೆ ಅಂದೆಯಲ್ಲ, ಅವಳನ್ನು ಕೇಳಿದೆಯಾ? ಕೇಳದೆ ಹಾಕಬೇಡ. ಅದು ಅವಳ ಕಾಯಿಲೆ, ಯಾರಿಗೆ ತಿಳಿಯಬೇಕೆಂದು ಅವಳು ತೀರ್ಮಾನಿಸಲಿ.

ಇಷ್ಟು ಓಡಾಡುವವಳು ಅವಳಿಗೋಸ್ಕರ ಇನ್ನೊಂದು ಓಡಾಟವನ್ನೂ ಮಾಡು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಎಂಎಸ್ ಕೂಡ ಇದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಅರ್ಜಿ ಹಾಕಿ ತಪಾಸಣೆಗೆ ಕರೆದುಕೊಂಡು ಹೋಗಬೇಕು. ಕಾಗದಪತ್ರವೆಲ್ಲ ನನ್ನ ಟ್ರಂಕಿನಲ್ಲಿ ಜೋಡಿಸಿಟ್ಟಿದ್ದೇನೆ. ಅವಳನ್ನು ಒಪ್ಪಿಸುವುದು ನನ್ನಿಂದಾಗಲಿಲ್ಲ, ನಿನ್ನಿಂದ ಆದೀತು.

ನಡಿಗೆಯ ದಿನ ನಾನೂ ಬರುತ್ತೇನೆ. ಗಾಜಿನ ಮನೆಯ ಕಡೆ ನೆರಳು ನೋಡಿ ಎರಡು ಮಡಚುವ ಕುರ್ಚಿ ಹಾಕಿಕೊಂಡು, ತಣ್ಣನೆ ಮಜ್ಜಿಗೆ ಇಟ್ಟುಕೊಂಡು ಕೂತಿರುತ್ತೇನೆ. ಅವಳಿಗೆ ಹೇಳು, ಈ ಸಲ ಅಣ್ಣ ಕೈ ಎಳೆಯುವುದಿಲ್ಲ ಅಂತ.

ನಿನ್ನ ಸೋದರಮಾವ