ಪಕ್ಕದ ಲೇನಿನವಳಿಗೆ ಹಣ, ಇವಳಿಗೆ ಭಯ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಆಟಗಾರರಿಗೆ 2021ರಿಂದ ಜಾಹೀರಾತು ಗಳಿಕೆಗೆ ಅವಕಾಶವಿದೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಇದು ನ್ಯಾಯವೇ. 600 ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ, ಕಾಲೇಜಿನ ಹೊರಗಿನವರೊಡನೆ ಮಾಡಿಕೊಂಡ ಒಪ್ಪಂದಗಳನ್ನು ವರದಿ ಮಾಡಬೇಕೆಂಬ ನಿಯಮವೂ ಬೇಕಾದದ್ದೇ. ಹದಿನೆಂಟರ ಮಕ್ಕಳ ಮುಂದೆ ದಲ್ಲಾಳಿಗಳು ಕಾಗದ ಹಿಡಿದು ನಿಲ್ಲುತ್ತಾರೆ.

ಆದರೆ ಗಳಿಕೆಗೆ ಕಟ್ಟುಪಾಡಿರುವ ವಿದ್ಯಾರ್ಥಿ ವೀಸಾದಲ್ಲಿ ಹೋದವರ ಪಾಡೇನು? ನನ್ನ ತಂಗಿಯ ಮಗಳು ಅಲ್ಲಿ ಈಜುಗಾರ್ತಿ. ಬೆಳಗಿನ ಐದಕ್ಕೇ ಕೊಳಕ್ಕಿಳಿಯುತ್ತಾಳೆ. ಕ್ಲೋರಿನ್‌ಗೆ ಕೂದಲು ತೆಂಗಿನ ನಾರಿನಂತಾಗಿದೆ. ಅಂಗಡಿಯೊಂದು ಈಜುಡುಗೆಯ ಜಾಹೀರಾತಿಗೆ ಕರೆದಾಗ, ವೀಸಾಕ್ಕೆ ಕುತ್ತು ಬಂದೀತೆಂದು ಹೆದರಿ ಒಲ್ಲೆನೆಂದಳು. ಪಕ್ಕದ ಲೇನಿನ ಗೆಳತಿ ಸಹಿ ಹಾಕಿದಳು. ಬೆವರು ಇಬ್ಬರದೂ ಒಂದೇ. ಅಮೆರಿಕ ವೀಸಾ ನಿಯಮವನ್ನೂ ತಿದ್ದಲಿ. ನಮ್ಮ ವಿದೇಶಾಂಗ ಸಚಿವಾಲಯ ಈ ಮಾತನ್ನು ಅಲ್ಲಿ ಎತ್ತಲಿ.

— ಒಬ್ಬ ಓದುಗ, ಮೈಸೂರು