ಕಾಡಿನ ಬೆಂಕಿ ಆರಿಸುವ ಎಲ್ಲ ತಂಡಗಳಿಗೂ ಒಂದು ಕಾಮನ್ ವೈರ್‌ಲೆಸ್ ಚಾನಲ್ ಕೋರಿ ಮನವಿ

ಗೆ,
ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ,
ಉತ್ತರ ಕನ್ನಡ, ಕಾರವಾರ

ಮೂಲಕ: ಸಹಾಯಕ ಆಯುಕ್ತರು, ಶಿರಸಿ

ಮಾನ್ಯರೇ,

ನಾವು ದೇವಿಮನೆ ಘಟ್ಟದ ಮೇಲಿನ ಊರುಗಳವರು. ಅಡಿಕೆ ತೋಟ, ತೋಟಕ್ಕೆ ಸೊಪ್ಪಿನ ಬೆಟ್ಟ, ಬೆಟ್ಟಕ್ಕೆ ತಾಗಿಕೊಂಡೇ ಕಾಡು. ಶಿವರಾತ್ರಿ ಕಳೆದರೆ ದರಕು, ಅಂದರೆ ಉದುರಿದ ಎಲೆ, ಒಣಗಿ ಗರಿಗರಿ ಆಗುತ್ತದೆ. ಬೆಂಕಿ ಕಂಡರೆ ನಾವೂ ಹಸಿ ಸೊಪ್ಪು ಹಿಡಿದು ಓಡುತ್ತೇವೆ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಬೆಂಕಿ ಬಿತ್ತು. ಕಾಡಿಗೆ ಇಳಿದವರ ಕೈಯಲ್ಲಿ ಒಂದು ವೈರ್‌ಲೆಸ್ ಸೆಟ್. ರಸ್ತೆಯಲ್ಲಿದ್ದ ನೀರಿನ ಗಾಡಿಯವರ ಹತ್ತಿರ ಇನ್ನೊಂದು. ವಾಹನ ತಡೆಯುತ್ತಿದ್ದವರ ಹತ್ತಿರ ಮತ್ತೊಂದು. ಯಾವುದೂ ಕೆಟ್ಟಿರಲಿಲ್ಲ. ಆದರೆ ಒಂದರಲ್ಲಿ ಆಡಿದ್ದು ಇನ್ನೊಂದರಲ್ಲಿ ಕೇಳುತ್ತಿರಲಿಲ್ಲ. ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ಕಡಲ ಕಡೆಯ ಗಾಳಿ ಎದ್ದು ಬೆಂಕಿ ಮೇಲಕ್ಕೆ ಹತ್ತತೊಡಗಿದ್ದು ರಸ್ತೆಯಲ್ಲಿದ್ದವರಿಗೆ ಕಂಡಿತು. ಒಳಗಿದ್ದವರಿಗೆ ತಿಳಿಸಲು ದಾರಿಯಿರಲಿಲ್ಲ. ನಮ್ಮೂರಿನ ಇಬ್ಬರು ಹುಡುಗರು ಕೂಗುತ್ತಾ ಕಾಡೊಳಗೆ ಓಡಿದರು. ಎಲ್ಲರೂ ಹೊರಗೆ ಬಂದರು. ಹುಡುಗರನ್ನು ಕಳಿಸಿದ್ದು ನಾವೇ. ಈಗ ನೆನೆದರೂ ಎದೆ ನಡುಗುತ್ತದೆ.

ನಾವು ಸುಮ್ನೆ ಹೊಸ ಸೆಟ್ ಕೊಡಿ ಅನ್ನುತ್ತಿಲ್ಲ. ಫ್ರೀಕ್ವೆನ್ಸಿ ಬೇರೆಯಾದರೆ, ಮಾತು ಕಳಿಸುವ ರೀತಿ ಒಂದರಲ್ಲಿ ಅನಲಾಗ್ ಮತ್ತೊಂದರಲ್ಲಿ ಡಿಜಿಟಲ್ ಆದರೆ, ಎಷ್ಟು ದುಬಾರಿ ಸೆಟ್ ಇದ್ದರೂ ಮಾತು ದಾಟುವುದಿಲ್ಲ. ನಾವು ಕೇಳುವುದು ಎಲ್ಲ ಸೆಟ್‌ಗಳಲ್ಲೂ ಒಂದು ಕಾಮನ್ ಚಾನಲ್. ಅದು ಅನಲಾಗ್ ಆಗಿರಲಿ, ರಿಪೀಟರ್ (ಮಾತನ್ನು ಹಿಡಿದು ಮುಂದಕ್ಕೆ ಕಳಿಸುವ ಯಂತ್ರ) ಇಲ್ಲದೆ ಸೆಟ್‌ನಿಂದ ಸೆಟ್‌ಗೆ ನೇರ ಹೋಗಲಿ. ಗುಡ್ಡದ ಆಚೆಗೆ ಅದು ಮುಟ್ಟುವುದಿಲ್ಲ, ನಿಜ. ಅದಕ್ಕೆ ನೆತ್ತಿಯ ಮೇಲೆ ಒಬ್ಬರು ನಿಂತು ಮಾತು ದಾಟಿಸಬೇಕು. ಘಟ್ಟದ ಮೇಲೆ ಶಿರಸಿ ಅರಣ್ಯ ವಿಭಾಗ, ಕೆಳಗೆ ಕುಮಟಾ ಕಡೆ ಹೊನ್ನಾವರ ವಿಭಾಗ. ಇಬ್ಬರಿಗೂ ಅದೇ ಚಾನಲ್ ಬೇಕು.

ಬ್ಯಾಂಡೇ, ಅಂದರೆ ಕೆಲಸ ಮಾಡುವ ಫ್ರೀಕ್ವೆನ್ಸಿಗಳ ವ್ಯಾಪ್ತಿಯೇ, ಬೇರೆಯಾದ ಸೆಟ್‌ಗೆ ಈ ಚಾನಲ್ ಹಾಕಲು ಬರುವುದಿಲ್ಲ. ಅಂಥ ತಂಡಕ್ಕೆ ಸ್ಥಳದಲ್ಲೇ ಒಂದು ಸೆಟ್ ಕೊಡುವಂತಾಗಲಿ. ಅಮೆರಿಕದಲ್ಲೂ ಹೀಗೇ: ಕಾಡಿನ ಬೆಂಕಿ ಪಡೆಗಳದ್ದು ಹೆಚ್ಚಾಗಿ ವಿಎಚ್‌ಎಫ್ ಎಂಬ ಬ್ಯಾಂಡ್, ಅನೇಕ ನಗರಗಳ ಅಗ್ನಿಶಾಮಕದವರದು 700–800 ಮೆಗಾಹರ್ಟ್ಸ್‌ನ ಬೇರೆ ಬ್ಯಾಂಡ್. ಅಲ್ಲಿ ಐಡಾಹೊ ರಾಜ್ಯದ ಬಾಯ್ಸಿಯಲ್ಲಿ ಸಾವಿರಾರು ಸೆಟ್ ಕೂಡಿಟ್ಟು, ದೊಡ್ಡ ಬೆಂಕಿ ಬಿದ್ದಲ್ಲಿಗೆ ಕಳಿಸುತ್ತಾರೆ. ನಮ್ಮ ತಾಲ್ಲೂಕಿಗೆ ಒಂದು ಪೆಟ್ಟಿಗೆ ಸಾಕು.

ಫ್ರೀಕ್ವೆನ್ಸಿಗೆ ಕೇಂದ್ರದ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಒಂದು ಇಲಾಖೆ ಇನ್ನೊಂದಕ್ಕೆ ಸೆಟ್ ಬದಲಿಸಿ ಎನ್ನಲೂ ಆಗದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಎಲ್ಲರನ್ನೂ ಒಂದೆಡೆ ಕೂರಿಸಬಲ್ಲವರು ತಾವು. ಅದಕ್ಕೇ ತಮ್ಮ ಬಳಿ ಬಂದಿದ್ದೇವೆ.

ಇನ್ನೊಂದು ಮಾತು. ಅರಣ್ಯ ಗಾರ್ಡ್‌ಗಳು ಜಾಗವನ್ನು ಕಂಪಾರ್ಟ್‌ಮೆಂಟ್ (ಇಲಾಖೆ ಗುರುತಿಸಿದ ಕಾಡಿನ ಭಾಗ) ನಂಬರಿನಲ್ಲಿ ಹೇಳುತ್ತಾರೆ, ನಾವು ಹಳ್ಳದ ಹೆಸರಿನಲ್ಲಿ. ದೂರದಿಂದ ಬಂದ ಗಾಡಿ ಚಾಲಕರಿಗೆ ಎರಡೂ ಗೊತ್ತಿರುವುದಿಲ್ಲ. ಎರಡನ್ನೂ ಬರೆದ ಒಂದು ನಕ್ಷೆ ಪ್ರತಿ ಗಾಡಿಯಲ್ಲಿರಲಿ.

ಜನವರಿಯೊಳಗೆ ಒಂದು ದಿನ ಎಲ್ಲ ತಂಡಗಳನ್ನೂ ಸೆಟ್ ಸಮೇತ ದೇವಿಮನೆಗೆ ಕರೆಸಿ ಪರೀಕ್ಷೆ ಮಾಡಿಸಿ. ಕಚೇರಿ ಅಂಗಳದಲ್ಲಿ ಕೇಳಿಸಿದ್ದು ಘಟ್ಟದ ತಿರುವಿನಲ್ಲೂ ಕೇಳಬೇಕು ಅಲ್ವಾ? ಯಾವ ಹಳ್ಳ, ಯಾವ ತಿರುವು ಎಂದು ತೋರಿಸಲು ನಾವು ಜೊತೆಗೆ ಬರುತ್ತೇವೆ. ಅವತ್ತಿನ ಮಧ್ಯಾಹ್ನದ ಊಟ ನಮ್ಮಲ್ಲೇ.

ಇಂತಿ ತಮ್ಮ ವಿಶ್ವಾಸಿಗಳು,
ದೇವಿಮನೆ ಘಟ್ಟದ ಮೇಲಿನ ಊರುಗಳ ಗ್ರಾಮಸ್ಥರು
(ಸಹಿಗಳನ್ನು ಲಗತ್ತಿಸಿದೆ)